ಫಿಟ್ಟರ್ ಓದಿ ಮಾಡಿ ನೋಡಿದ ಮೇಲೆಯೇ ಕೈಪಿಡಿ

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಿಗೆ ಯಂತ್ರಗಳ ಕೈಪಿಡಿ ಬರೆದುಕೊಡುವ ಕೆಲಸವನ್ನು ನಾನು ಸ್ವತಂತ್ರವಾಗಿ ಮಾಡುತ್ತ ಹನ್ನೊಂದು ವರ್ಷಗಳಾದವು. ತಾಂತ್ರಿಕ ಬರಹವೆಂದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಕೆಲಸವೆಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಫೌಂಡ್ರಿ, ಹೈಡ್ರಾಲಿಕ್ಸ್, ಮಷಿನ್ ಶಾಪ್‌ಗಳು ಒತ್ತೊತ್ತಾಗಿರುವ ಈ ಊರಿನಿಂದ ಹೊರಡುವ ಒಂದೊಂದು ಯಂತ್ರದ ಜೊತೆಗೂ ಅದನ್ನು ಹೇಗೆ ಕೂಡಿಸಬೇಕು, ಹೇಗೆ ನಡೆಸಬೇಕು, ನಿಂತುಹೋದರೆ ಮೊದಲು ಎಲ್ಲಿ ನೋಡಬೇಕು ಎಂದು ತಿಳಿಸುವ ಪುಸ್ತಕ ಹೋಗಲೇಬೇಕು. ಅದನ್ನು ಯಂತ್ರ ಬಲ್ಲವರೊಬ್ಬರು ಕೂತು ಬರೆಯಬೇಕು. ಈ ಕೆಲಸಕ್ಕೆ ಬರಬೇಕೆಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ನನ್ನ ಎರಡನೆಯ ವರ್ಷದ ಒಂದು ತಪ್ಪನ್ನು.

ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಪ್ರೆಸ್ ತಯಾರಿಸುವ ಒಂದು ಕಾರ್ಖಾನೆಯವರು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಕೈಪಿಡಿ ಕೇಳಿದ್ದರು. ಅವರು ಕಳಿಸಿದ ಡ್ರಾಯಿಂಗ್ ಮತ್ತು ಬಿಡಿಭಾಗಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಒಮ್ಮೆಯೂ ಕಾರ್ಖಾನೆಯ ಮಷಿನ್ ಶಾಪಿನೊಳಗೆ ಕಾಲಿಡದೆ, ಮನೆಯಲ್ಲಿಯೇ ಕೂತು ಬರೆದು ಮುಗಿಸಿದೆ. ಹೋಸ್, ಅಂದರೆ ಎಣ್ಣೆ ಹರಿಯುವ ಕೊಳವೆಯನ್ನು ಬದಲಾಯಿಸುವ ಪುಟದಲ್ಲಿ ಮೊದಲ ಹೆಜ್ಜೆ ಮೋಟಾರ್ ಬಂದ್ ಮಾಡುವುದು, ಎರಡನೆಯದು ಹೋಸಿನ ನಟ್ ಬಿಚ್ಚುವುದು ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ನಟ್ ಬಿಚ್ಚುವ ಮುನ್ನ ಅಕ್ಯುಮ್ಯುಲೇಟರಿನ (ಎಣ್ಣೆಯನ್ನು ಒತ್ತಡದಲ್ಲಿ ಕೂಡಿಟ್ಟಿರುವ ಪಾತ್ರೆಯ) ಒತ್ತಡವನ್ನು ಬಿಡುಗಡೆಗೊಳಿಸಬೇಕೆಂಬ ಎಚ್ಚರಿಕೆಯನ್ನು ಕೊಟ್ಟಿದ್ದೆ. ಎಚ್ಚರಿಕೆ ಇದೆಯಲ್ಲ ಎಂಬ ಸಮಾಧಾನದಿಂದಲೇ ಕರಡನ್ನು ಒಪ್ಪಿಸಲು ಹೋದೆ.

ಅಲ್ಲಿನ ಮ್ಯಾನೇಜರು ಅದನ್ನು ತಾವು ಓದುವ ಬದಲು ಶಾಪಿನ ಹಿರಿಯ ಫಿಟ್ಟರ್ ಒಬ್ಬರ ಕೈಗೆ ಕೊಟ್ಟು, ಇದರಲ್ಲಿ ಇದ್ದಂತೆಯೇ ಮಾಡಿ ತೋರಿಸಿ ಎಂದರು. ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಅವರು ಒಂದು ಕೈಯಲ್ಲಿ ಪಾನಾ (ಸ್ಪ್ಯಾನರ್) ಹಿಡಿದು, ಇನ್ನೊಂದು ಕೈಯ ಬೆರಳನ್ನು ಸಾಲಿನ ಮೇಲಿಟ್ಟು ಓದುತ್ತ ಹೋದರು. ಮೋಟಾರ್ ಬಂದ್ ಮಾಡಿದರು. ಪಾನಾವನ್ನು ನಟ್ಟಿಗೆ ಹಚ್ಚಿದರು, ತಿರುವಲಿಲ್ಲ. ನನ್ನ ಕಡೆಗೆ ನೋಡಿ ಹೇಳಿದರು: "ಮೇಡಮ್ಮಾರ, ನೀವು ಬರದಂಗ ಮಾಡಿದ್ರ ಈಗ ತಿರುವೂದಷ್ಟ ಬಾಕಿ ಐತ್ರಿ. ಪ್ರೆಶರ್ ಇಳಸೂ ಮಾತು ಕೆಳಗ ಐತಿ. ಅದನ್ನ ಓದೂದ್ರಾಗ ಎಣ್ಣಿ ಮಾರಿಗೆ ಹೊಡದಿರತೈತಿ."

ಮೋಟಾರ್ ನಿಂತ ಮೇಲೂ ಅಕ್ಯುಮ್ಯುಲೇಟರಿನೊಳಗಿನ ನೈಟ್ರೋಜನ್ ಅನಿಲವು ಎಣ್ಣೆಯನ್ನು ಒತ್ತಿ ಹಿಡಿದಿರುತ್ತದೆ ಎಂಬುದು ನನಗೆ ಪುಸ್ತಕದಿಂದ ತಿಳಿದಿತ್ತು. ತಿಳಿಯದೆ ಇದ್ದದ್ದನ್ನು ಕಾಕಾ ಕೈಮಾಡಿ ತೋರಿಸಿದರು. ಆ ಯಂತ್ರದಲ್ಲಿ ಒತ್ತಡ ತೋರಿಸುವ ಗೇಜ್ ಇದ್ದದ್ದು, ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವಿನ ಈಚೆಗೆ, ಪಂಪಿನ ಕಡೆಗೆ. ಆದ್ದರಿಂದ ಮುಳ್ಳು ಸೊನ್ನೆಗೆ ಬಂದಿದ್ದರೂ ವಾಲ್ವಿನ ಆಚೆಗಿನ ಹೋಸಿನಲ್ಲಿ ಪೂರ್ತಿ ಪ್ರೆಶರ್ ಉಳಿದಿರಬಹುದಿತ್ತು. ಡ್ರಾಯಿಂಗಿನಲ್ಲಿ ಇದೆಲ್ಲ ಇತ್ತು. ನಾನು ಅದನ್ನು ಗೆರೆಗಳಾಗಿ ನೋಡಿದ್ದೆನೇ ಹೊರತು, ಅದರ ಮುಂದೆ ನಿಂತ ಮನುಷ್ಯನ ಮುಖ ಎಲ್ಲಿರುತ್ತದೆ ಎಂದು ಯೋಚಿಸಿರಲಿಲ್ಲ. ಅಷ್ಟು ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೊಕ್ಕರೆ ಗಾಯ ಹೊರಗೆ ಸಣ್ಣದಾಗಿ ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗುತ್ತದೆ, ಬೆರಳನ್ನೇ ಕಳೆದುಕೊಂಡವರಿದ್ದಾರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನದಿಂದ ಮೂರು ದಿನ ಶಾಪಿನಲ್ಲಿಯೇ ನಿಂತು ಆ ಪುಟಗಳನ್ನು ಮತ್ತೆ ಬರೆದೆ. ಎಚ್ಚರಿಕೆ ಹೆಜ್ಜೆಗಿಂತ ಮುಂಚೆ ಬರಬೇಕು, ಒಂದು ಹೆಜ್ಜೆಯಲ್ಲಿ ಒಂದೇ ಕೆಲಸವಿರಬೇಕು. ವಿಮಾನೋದ್ಯಮದವರು ಬಳಸುವ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷಿನ ನಿಯಮಾವಳಿಯಲ್ಲಿ, ಮಾಡಬೇಕಾದ ಕೆಲಸವನ್ನು ಹೇಳುವ ವಾಕ್ಯ 20 ಪದಗಳನ್ನು ಮೀರಬಾರದೆಂದಿದೆ. ನಾನು ಅದನ್ನು ಆಮೇಲೆ ಕಲಿತೆ, ಆದರೆ ಅದರ ಕಾರಣ ಕಾಕಾ ಅವರ ಬೆರಳು ಸಾಲಿನ ಮೇಲೆ ಸರಿಯುವುದನ್ನು ನೋಡಿದಾಗಲೇ ಅರ್ಥವಾಗಿತ್ತು. ಕನ್ನಡದ ಕೈಪಿಡಿಯಲ್ಲಿ "ಒತ್ತಡವನ್ನು ಬಿಡುಗಡೆಗೊಳಿಸಿ" ಎಂಬುದನ್ನು ಹೊಡೆದುಹಾಕಿ, ಅಲ್ಲಿನವರು ಆಡುವಂತೆ "ಪ್ರೆಶರ್ ಇಳಿಸಿ" ಎಂದು ಬರೆದೆ. ಸುರಕ್ಷತೆಯ ಮಾತು ಕೆಲಸಗಾರರ ಬಾಯಲ್ಲಿರುವ ಪದದಲ್ಲಿಯೇ ಇರಬೇಕೆಂಬುದರಲ್ಲಿ ನನಗೆ ಈಗ ಯಾವ ಸಂಶಯವೂ ಇಲ್ಲ.

ಹನ್ನೊಂದು ವರ್ಷ ನನ್ನನ್ನು ಈ ಉದ್ಯೋಗದಲ್ಲಿ ಉಳಿಸಿದ್ದು ಆ ಮೂರು ದಿನಗಳಿಂದ ಹುಟ್ಟಿದ ರೂಢಿ. ನನ್ನ ಕೊಟೇಶನ್ನಿನಲ್ಲಿ ಅಂದಿನಿಂದ ಎರಡು ಸಾಲು ಕಡ್ಡಾಯವಾಗಿವೆ: ಬರೆಯುವ ಮುನ್ನ ಯಂತ್ರದ ಮುಂದೆ ಕನಿಷ್ಠ ಒಂದು ದಿನ, ಬರೆದ ಮೇಲೆ ಆ ಯಂತ್ರವನ್ನು ನಡೆಸುವವರ ಕೈಯಿಂದ ಓದಿ ಮಾಡಿಸುವುದಕ್ಕೆ ಇನ್ನೊಂದು ದಿನ. ಇದಕ್ಕೆ ಒಪ್ಪದವರ ಕೆಲಸವನ್ನು ನಾನು ಹಿಡಿಯುವುದಿಲ್ಲ. ಈ ಷರತ್ತು ಹಾಕಿದ ಮೊದಲೆರಡು ವರ್ಷ ಕೈತಪ್ಪಿದ ಕೆಲಸಗಳ ಚಿಂತೆ ಇತ್ತು. ಆಮೇಲೆ ಒಂದು ಕಾರ್ಖಾನೆಯ ಸರ್ವಿಸ್ ವಿಭಾಗಕ್ಕೆ ಬರುವ ಫೋನುಗಳು ಕಡಿಮೆಯಾದದ್ದನ್ನು ಕಂಡವರು ಇನ್ನೊಂದು ಕಾರ್ಖಾನೆಯವರಿಗೆ ಹೇಳಿದರು. ಹೀಗೆ ಬಾಯಿಂದ ಬಾಯಿಗೆ ಬಂದ ಕೆಲಸವೇ ಈಗ ನನಗೆ ಸಾಕಾಗುತ್ತದೆ.

ದುಡ್ಡಿನ ವಿಷಯದಲ್ಲಿ ಎರಡು ಮಾತು. ಪುಟಕ್ಕಿಷ್ಟು ಎಂದು ದರ ಒಪ್ಪಿಕೊಳ್ಳಬೇಡಿ. ಮೂವತ್ತು ಪುಟವನ್ನು ಹನ್ನೆರಡಕ್ಕೆ ಇಳಿಸುವುದೇ ಕಷ್ಟದ ಕೆಲಸ, ಆ ಲೆಕ್ಕದಲ್ಲಿ ಅದಕ್ಕೇ ಕಡಿಮೆ ಕೂಲಿ ಬರುತ್ತದೆ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿಯನ್ನು ತಪ್ಪದೆ ಮಾಡಿಸಿ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ, ಲಿಖಿತ ಕರಾರು ಇದ್ದರೂ ಸಣ್ಣ ಉದ್ಯಮದವರ ಬಿಲ್ಲನ್ನು 45 ದಿನಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಹಾಕಲು ತೊಡಗಿದ ಮೇಲೆ ಅಕೌಂಟ್ಸ್ ವಿಭಾಗದವರ ಬಾಗಿಲಲ್ಲಿ ನಾನು ಕಾಯುವುದು ಬಹುಮಟ್ಟಿಗೆ ತಪ್ಪಿದೆ.

ಹೊಸ ಮಾಡೆಲ್ ಬಂದು ಕೈಪಿಡಿಯನ್ನು ತಿದ್ದಬೇಕಾದಾಗ ನಾನು ಮೊದಲು ಕೇಳುವುದು ಶಾಪಿನಲ್ಲಿ ಬಳಕೆಯಾದ ಹಳೆಯ ಪ್ರತಿಯನ್ನು. ಎಣ್ಣೆಯ ಬೆರಳಚ್ಚು ಬಿದ್ದ ಪುಟಗಳು ಯಾವುವು, ಹೊಸದರಂತೆ ಉಳಿದ ಪುಟಗಳು ಯಾವುವು ಎಂದು ಒಂದೊಂದಾಗಿ ತಿರುವಿ ಗುರುತು ಮಾಡಿಕೊಳ್ಳುತ್ತೇನೆ. ಕಾಕಾ ನಿವೃತ್ತರಾದ ಮೇಲೆ ಅದೇ ಪ್ರೆಸ್ಸಿನ ಪ್ರತಿಯನ್ನು ತರಿಸಿ ನೋಡಿದಾಗ ಹೋಸ್ ಬದಲಾಯಿಸುವ ಪುಟ ಕಪ್ಪಾಗಿ, ಅಂಚು ಹರಿದು ಕೈಗೆ ಬಂತು. ಈ ಸಲ ಆ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ ಕಳಿಸುವಂತೆ ಕಾರ್ಖಾನೆಯವರನ್ನು ಒಪ್ಪಿಸಿದ್ದೇನೆ.