ತೋಟ ಮಲಗಿದ ಮೇಲೂ ಭೂಮಿತಾಯಿಗೆ ಎಡೆ ಏಕೆ?

ಕೊಪ್ಪ ತಾಲ್ಲೂಕಿನ ನಮ್ಮ ಮನೆಗೆ ಬರುವ ನೆಂಟರು, ಬೆಂಗಳೂರು ಸೇರಿರುವ ಊರಿನ ಹುಡುಗರು, ಎಲ್ಲರೂ ಒಂದಲ್ಲ ಒಂದು ಸಲ ಕೇಳುತ್ತಾರೆ: ‘ಆ ಗಾಳಿಮಳೆಗೆ ತೋಟವೇ ಮಲಗಿದ ಮೇಲೂ ದೇವರು, ಭೂಮಿತಾಯಿ ಎಂದು ಹೇಗೆ ನಂಬುತ್ತೀರಿ?’ ಈ ಪ್ರಶ್ನೆಯಲ್ಲಿ ಕುಹಕವಿಲ್ಲ, ಕಾಳಜಿಯಿದೆ. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ಅದು 2019ರ ಆಗಸ್ಟ್, ಆಶ್ಲೇಷ ಮಳೆಯ ದಿನಗಳು. ಮೂಡಿಗೆರೆಯ ಕಡೆ ಗುಡ್ಡ ಜರಿದು ಕಾಫಿ ತೋಟಗಳು ಮಣ್ಣುಪಾಲಾದದ್ದೂ ಆಗಲೇ. ಮಳೆ ಬಾರದಿದ್ದರೂ, ಬಂದ ಮಳೆ ಬಿಡದಿದ್ದರೂ ನಮ್ಮ ಸೀಮೆಯವರು ಮೊರೆಹೋಗುವುದು ಶೃಂಗೇರಿ ಸಮೀಪದ ಕಿಗ್ಗದ ಋಷ್ಯಶೃಂಗೇಶ್ವರನಿಗೆ. ಅಪ್ಪಯ್ಯನೂ ಹೋಗಿ, ಮಳೆ ಸ್ವಲ್ಪ ಹೊಳವಾಗಲೆಂದು ಬೇಡಿಕೊಂಡು ಬಂದಿದ್ದರು. ಮೂರನೆಯ ರಾತ್ರಿ ಗಾಳಿ ಎದ್ದಿತು. ಕತ್ತಲೆಯಲ್ಲಿ ಅಡಿಕೆ ಮರಗಳು ಲಟಲಟನೆ ಮುರಿಯುವ ಸದ್ದನ್ನು ನಾವು ಜಗಲಿಯಲ್ಲಿ ಕುಳಿತು ಕೇಳಿದೆವು. ಬೆಳಗಾಗಿ ಎಣಿಸಿದರೆ 140 ಮರ. ಗೊನೆಯ ಕಾಯಿಗಳು ಇನ್ನೂ ಎಳೆಯವು, ಕತ್ತಿಯಿಂದ ಸೀಳಿದರೆ ನೀರಾಗಿ ಸೋರುವಂಥವು. ಮರಕ್ಕೆ ಹಬ್ಬಿಸಿದ್ದ ಕಾಳುಮೆಣಸಿನ ಬಳ್ಳಿಗಳು ಮರದೊಂದಿಗೇ ಕೆಸರಿನಲ್ಲಿ ಬಿದ್ದಿದ್ದವು. ಹೊಸ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷವಾದರೂ ಬೇಕು. ನಮಗೆ ಸಿಕ್ಕ ಪರಿಹಾರದ ಮಾತು ಇಲ್ಲಿ ಬೇಡ.

ನನಗೆ ಸಿಟ್ಟು ಬಂದಿತ್ತು. ಅಕ್ಟೋಬರ್‌ನಲ್ಲಿ ಭೂಮಿತಾಯಿಗೆ ಎಡೆಯಿಡುವ ಹಬ್ಬವಾದ ಭೂಮಿ ಹುಣ್ಣಿಮೆ ಬಂದಾಗ, ಈ ವರ್ಷ ಪೂಜೆ ಬೇಡವೆಂದು ಅಮ್ಮನಿಗೆ ಹೇಳಿಯೂ ಬಿಟ್ಟೆ. ಅಮ್ಮ ಎಂದಿನಂತೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನಲ್ಲಿ ಎಳೆಎಳೆಯಾಗಿ ಚಿತ್ತಾರ ಬರೆಯುತ್ತಲೇ ಇದ್ದರು. ಅಪ್ಪಯ್ಯ ಮಾತ್ರ ಕೇಳಿದರು: ‘ಬಸುರಿಗೆ ಬಯಕೆ ಬಡಿಸುವಾಗ, ಹುಟ್ಟುವ ಮಗು ಎಂಥದ್ದೆಂದು ಕೇಳಿಕೊಂಡು ಬಡಿಸುತ್ತಾರೇನೋ?’

ನನ್ನ ಉತ್ತರವೂ ಅದೇ. ಭೂಮಿ ಹುಣ್ಣಿಮೆ ಸುಗ್ಗಿಯ ಹಬ್ಬವಲ್ಲ. ಗದ್ದೆಯಲ್ಲಿ ಭತ್ತ ತೆನೆಯನ್ನು ಇನ್ನೂ ಒಡಲಲ್ಲಿಟ್ಟುಕೊಂಡು ಹೊಡೆಯಾಗಿ ನಿಂತಿರುವಾಗ, ಎಷ್ಟು ಕೈಸೇರುತ್ತದೆಂಬುದು ಯಾರಿಗೂ ಗೊತ್ತಿಲ್ಲದಿರುವಾಗ, ಗರ್ಭಿಣಿಯಾದ ನೆಲಕ್ಕೆ ನಾವು ಉಣ್ಣಿಸುವ ಊಟವದು. ಕಿಗ್ಗದಲ್ಲಿ ಬೇಡಿಕೊಂಡದ್ದು ಏಕೆ ನಡೆಯಲಿಲ್ಲವೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಇದೆಯೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಆದರೆ ನಮ್ಮನ್ನು ಇಷ್ಟು ಕಾಲ ಸಾಕಿದ ನೆಲದೊಂದಿಗಿನ ನಂಟನ್ನು ಒಂದು ವರ್ಷದ ಫಸಲಿನ ಲೆಕ್ಕದಲ್ಲಿ ಹರಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಬಿದ್ದ ಮರಗಳನ್ನು ಸೀಳಿ ದಬ್ಬೆ ಮಾಡಿ, ಕೊಚ್ಚಿಹೋಗಿದ್ದ ಸಂಕದ, ಅಂದರೆ ಕಾಲುಸೇತುವೆಯ, ಜಾಗದಲ್ಲಿ ಹಳ್ಳಕ್ಕೆ ಅಡ್ಡ ಹಾಸಿದ್ದೆವು. ಹುಣ್ಣಿಮೆಯ ದಿನ ಬೆಳಕು ಹರಿಯುವ ಮುಂಚೆ ಅಪ್ಪಯ್ಯ ಬುಟ್ಟಿ ಹೊತ್ತು ಅದರ ಮೇಲೆಯೇ ದಾಟಿದರು. ನಾನು ಟಾರ್ಚ್ ಹಿಡಿದು ಹಿಂದೆ ನಡೆದೆ. ಮರವಿಲ್ಲದ ಗುಂಡಿಗಳ ಸುತ್ತಲೂ ಅವರು ಭೂಮಿತಾಯಿಯ ಪಾಲಿನ ಎಡೆಯಾದ ಚರಗ ಬೀರಿದರು. ಆಶ್ಲೇಷದ ಗಾಳಿ ಎದ್ದರೆ ನನಗೆ ಈಗಲೂ ನಿದ್ದೆ ಬರುವುದಿಲ್ಲ. ದೇವರ ಮುಂದೆ ದೀಪ ಹಚ್ಚಿಟ್ಟು ಜಗಲಿಯಲ್ಲಿ ಕೂರುತ್ತೇನೆ, ಬೆಳಗಾದರೆ ಮರ ಎಣಿಸಲು ಹೋಗುತ್ತೇನೆ.