ಹೆಡರ್ ಲೆಕ್ಕ

12 ಜುಲೈ 2025, ಶನಿವಾರ ರಾತ್ರಿ

ಫುಟ್‌ಬಾಲ್ ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬ ಹುಡುಗನ ತಾಯಿ ಬಂದು ಕೇಳಿದರು. "ಸರ್, ಈಗಿನ ಬಾಲ್ ಹಗುರ ಅಲ್ವಾ? ತಲೇಲಿ ಹೊಡೆದ್ರೆ ಏನೂ ಆಗಲ್ಲ ತಾನೇ?"

ಹಗುರ ಅಲ್ಲಮ್ಮ. ದೊಡ್ಡವರ ಬಾಲ್ ಈಗ 410ರಿಂದ 450 ಗ್ರಾಂ, ಐವತ್ತು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ. ಆಗಿನ ಚರ್ಮದ ಬಾಲ್ ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಈಗಿನದು ಅಷ್ಟು ನೀರು ಹೀರುವುದಿಲ್ಲ, ಆದರೆ ಬರುವ ವೇಗ ಕಡಿಮೆಯೇನಲ್ಲ.

ಅಲ್ಲಿಂದ ತಲೆಯೊಳಗೆ ಇಂಗ್ಲೆಂಡ್‌ನ ಹಳೇ ಫುಟ್‌ಬಾಲ್ ಆಟಗಾರ ಜೆಫ್ ಆಸ್ಟಲ್ ಕೂತುಬಿಟ್ಟಿದ್ದಾರೆ. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಕ್ಲಬ್ಬಿಗೆ 361 ಪಂದ್ಯ, 174 ಗೋಲು. 1968ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಬಿದ್ದ ಒಂದೇ ಗೋಲು ಅವರದು. 1970ರ ವಿಶ್ವಕಪ್‌ಗೂ ಹೋಗಿ ಬಂದರು. ಆಟ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಕಿಟಕಿ ಒರೆಸುವ ಕೆಲಸ. ಐವತ್ತು ದಾಟಿದ ಮೇಲೆ ಮರೆವು ಶುರುವಾಗಿ, ಕೊನೆಗೆ ತಾನು ಫುಟ್‌ಬಾಲ್ ಆಡಿದ್ದೇ ನೆನಪಿರಲಿಲ್ಲ. 2002ರಲ್ಲಿ, 59ಕ್ಕೇ ಹೋದರು. ತಲೆಗೆ ಮತ್ತೆ ಮತ್ತೆ ಬಾಲ್ ಬಡಿದು ಬಂದ ಸಾವು, ಇದು ಕಸುಬಿನ ಕಾಯಿಲೆ ಎಂದು ಸಾವಿನ ಕಾರಣ ವಿಚಾರಿಸುವ ಅಲ್ಲಿನ ಅಧಿಕಾರಿ, ಕರೋನರ್, ತೀರ್ಪು ಕೊಟ್ಟರು. ಗಣಿ ಕೆಲಸದವರ ಶ್ವಾಸಕೋಶಕ್ಕೆ ಹೇಳುವ ಮಾತು ಅದು.

2019ರಲ್ಲಿ ಗ್ಲಾಸ್ಗೋದ ಸಂಶೋಧಕರು ಸ್ಕಾಟ್ಲೆಂಡ್‌ನ ಹಳೇ ವೃತ್ತಿಪರ ಆಟಗಾರರ ದಾಖಲೆ ನೋಡಿದಾಗ, ಮೆದುಳು ಸವೆಯುವ ಕಾಯಿಲೆಯಿಂದ ಸಾಯುವ ಸಂಭವ ಸಾಮಾನ್ಯರಿಗಿಂತ ಮೂರೂವರೆ ಪಟ್ಟು. ಮುಂದೆ ಜಾಗವಾರು ನೋಡಿದರೆ ಡಿಫೆಂಡರ್‌ಗಳಿಗೆ ಅಪಾಯ ಎಲ್ಲರಿಗಿಂತ ಹೆಚ್ಚು, ಗೋಲ್‌ಕೀಪರ್‌ಗಳಿಗೆ ಹೆಚ್ಚೇ ಇಲ್ಲ. ತಲೆಯಿಂದ ಹೆಚ್ಚು ಹೊಡೆಯುವವರು ಡಿಫೆಂಡರ್‌ಗಳು, ಗೋಲ್‌ಕೀಪರ್ ಹಿಡಿಯುವುದು ಕೈಯಲ್ಲಿ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ!

ನನಗೆ ಮ್ಯಾಚ್‌ಗಿಂತ ಪ್ರಾಕ್ಟೀಸ್‌ನ ಭಯ. ಮ್ಯಾಚ್‌ನಲ್ಲಿ ಒಬ್ಬನಿಗೆ ಬರುವುದು ನಾಲ್ಕೋ ಐದೋ ಹೆಡರ್, ಅಂದರೆ ತಲೆಯಿಂದ ಹೊಡೆತ. ಪಕ್ಕದಿಂದ ಗೋಲಿನ ಮುಂದಕ್ಕೆ ಕ್ರಾಸ್ ಹಾಕಿ ಹುಡುಗರನ್ನು ಸಾಲಾಗಿ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಮೂವತ್ತು. ಇಂಗ್ಲೆಂಡ್‌ನಲ್ಲಿ 2021ರಿಂದ ವೃತ್ತಿಪರರಿಗೇ ವಾರದ ಪ್ರಾಕ್ಟೀಸ್‌ನಲ್ಲಿ ಜೋರು ಹೆಡರ್ ಹತ್ತು ದಾಟಬಾರದು ಅಂತ ಸಲಹೆ ಇದೆ. ಕಾರ್ನರ್, ಫ್ರೀಕಿಕ್, ಕ್ರಾಸ್, 35 ಮೀಟರ್‌ಗಿಂತ ದೂರದಿಂದ ಬಂದ ಪಾಸ್, ಎಲ್ಲ ಆ ಲೆಕ್ಕಕ್ಕೇ. ಪ್ರೈಮರಿ ಮಕ್ಕಳಿಗೆ ಪ್ರಾಕ್ಟೀಸ್‌ನಲ್ಲಿ ಹೆಡ್ಡಿಂಗೇ ಬೇಡ.

ಕಲಿಸಲೇಬೇಕಾದ ವಯಸ್ಸಿಗೆ ಮೊದಲು ಬಲೂನು, ಆಮೇಲೆ ಸ್ಪಂಜಿನ ಬಾಲ್, ಐದು ಮೀಟರ್‌ನಿಂದ ಕೈಯಲ್ಲೇ ಎಸೆತ. ಗದ್ದ ಒಳಕ್ಕೆ, ಕುತ್ತಿಗೆ ಬಿಗಿ, ಕಣ್ಣು ಬಾಲ್ ಮೇಲೆ, ತಾಗಬೇಕಾದ್ದು ಹಣೆಗೆ. ಹುಡುಗರು ಕೆಡುವುದು ಕಣ್ಣು ಮುಚ್ಚುವುದರಲ್ಲಿ. ಮುಚ್ಚಿದರೆ ಬಾಲ್ ನೆತ್ತಿಗೆ ಬಡಿಯುತ್ತದೆ, ಸಡಿಲ ಕುತ್ತಿಗೆ ಹಿಂದಕ್ಕೆ ಜಗ್ಗುತ್ತದೆ. ಕಲ್ಲಿನ ಹಾಗೆ ಗಾಳಿ ತುಂಬಿದ ಬಾಲ್ ಇನ್ನೂ ಕೆಟ್ಟದ್ದು. ನಿಯಮದಲ್ಲಿ ಬಾಲ್‌ನ ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ. ಮಕ್ಕಳಿಗೆ ಕೆಳಗಿನ ಅಂಚೇ ಸಾಕು. ತಲೆನೋವು, ಮಂಪರು ಅಂದರೆ ಅವತ್ತಿನ ಆಟ ಅಲ್ಲಿಗೇ ಬಂದ್, ಮನೆಗಲ್ಲ, ಡಾಕ್ಟರ್ ಹತ್ತಿರ.

ಇಷ್ಟನ್ನೂ ಆ ತಾಯಿಗೆ ಹೇಳಿದೆ. ಅವರು ತಲೆಯಾಡಿಸಿ, "ಆದ್ರೆ ಸರ್, ಇವನು ಸೆಂಟರ್ ಬ್ಯಾಕ್" ಅಂದರು. ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್. ಕಾರ್ನರ್ ಬಂದಾಗ ಆ ಜಾಗದಲ್ಲಿ ನಿಂತ ಹುಡುಗನಿಗೆ ಬಾಲ್ ಬಿಡು ಅಂತ ಹೇಗೆ ಕೂಗುವುದು, ಅವನ ಪಕ್ಕದಲ್ಲಿ ನಿಂತವನು ಬಿಡುತ್ತಾನಾ