ಡಿಫ್‌ನಲ್ಲಿ ಇಲ್ಲದ ಸಾಲು

ಮೊನ್ನೆ ನಮ್ಮ ಜಾವಾಸ್ಕ್ರಿಪ್ಟ್ ಕೋಡ್‌ಗೆ ಒಂದು ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂತು. ಒಂದು ಸ್ಕ್ರೀನ್ ತೆರೆದಾಗೆಲ್ಲ ಹೊಸದಾಗಿ ಹುಟ್ಟುವ ಸ್ಟೋರ್‌ನಲ್ಲಿ, ಅಂದರೆ ಸ್ಟೇಟ್ (ಸದ್ಯದ ಡೇಟಾ) ಇಟ್ಟುಕೊಳ್ಳುವ ಆಬ್ಜೆಕ್ಟ್‌ನಲ್ಲಿ, ಬದಲಾವಣೆ. 40 ಚಿಲ್ಲರೆ ಸಾಲು, ಟೆಸ್ಟ್ ಎಲ್ಲ ಪಾಸ್. ಇಂಥದ್ದು ಬಂದಾಗ ಅಪ್ರೂವ್ ಒತ್ತಲು ಕೈ ತುರಿಸುತ್ತದೆ. ಆದರೆ ಮೆಮೊರಿ ಲೀಕ್ (ಕೆಲಸ ಮುಗಿದರೂ ಬಿಡುಗಡೆಯಾಗದ ಮೆಮೊರಿ) ಸಾಮಾನ್ಯವಾಗಿ ಅಡಗಿರುವುದು ಯಾರೋ ಬರೆಯಲು ಮರೆತ ಸಾಲಿನಲ್ಲಿ, ಅದು ಹಳೆ-ಹೊಸ ಕೋಡ್‌ನ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ, ಸೇರಿಸಿದ ಸಾಲುಗಳಂತೆ ಹಸಿರಾಗಿ ಕಾಣಿಸುವುದಿಲ್ಲವಲ್ಲ!

ಹಾಗಾಗಿ ನಾನು ಮೊದಲು ಜೋಡಿ ಹುಡುಕುತ್ತೇನೆ. ಟೈಮರ್ ಶುರು ಮಾಡುವ ಸೆಟ್‌ಇಂಟರ್ವಲ್ ಇದ್ದರೆ ಅದನ್ನು ನಿಲ್ಲಿಸುವ ಕ್ಲಿಯರ್‌ಇಂಟರ್ವಲ್ ಎಲ್ಲಿ? ಸ್ಟೇಟ್ ನಿಭಾಯಿಸುವ ಲೈಬ್ರರಿ ರಿಡಕ್ಸ್‌ನಲ್ಲಿ ಸಬ್‌ಸ್ಕ್ರೈಬ್ ಮಾಡಿದರೆ ಬಿಡಿಸಿಕೊಳ್ಳುವ ಫಂಕ್ಷನ್ ವಾಪಸ್ ಬರುತ್ತದೆ, ಅದನ್ನು ಯಾರಾದರೂ ಇಟ್ಟುಕೊಂಡಿದ್ದಾರಾ?

ಇಲ್ಲಿ ಜೋಡಿ ಇತ್ತು. ಅದೇ ಮಜಾ. ಬೇರೆ ಟ್ಯಾಬ್‌ನ ಬದಲಾವಣೆ ತಿಳಿಯಲು ವಿಂಡೋದ 'ಸ್ಟೋರೇಜ್' ಇವೆಂಟ್‌ಗೆ ಲಿಸನರ್ (ಇವೆಂಟ್ ಆದಾಗ ಓಡುವ ಫಂಕ್ಷನ್) ಹಾಕಿದ್ದರು, ಕೊನೆಗೆ ತೆಗೆದೂ ಇದ್ದರು. ಆದರೆ ಎರಡೂ ಕಡೆ ಆ ಫಂಕ್ಷನ್ನನ್ನು ಅಲ್ಲಲ್ಲೇ ಬೈಂಡ್ ಮಾಡಿದ್ದರು, ಅಂದರೆ ಸ್ಟೋರ್‌ಗೆ ಕಟ್ಟಿದ್ದರು. ಬೈಂಡ್ ಪ್ರತಿ ಸಲವೂ ಹೊಸ ಫಂಕ್ಷನ್ ಕೊಡುತ್ತದೆ, ಅಂದರೆ ಹಾಕಿದ್ದೇ ಒಂದು, ತೆಗೆಯಲು ಹೋಗಿದ್ದೇ ಇನ್ನೊಂದು. ಎರರ್ ಏನೂ ಬರುವುದಿಲ್ಲ, ಸುಮ್ನೆ ಏನೂ ಆಗುವುದಿಲ್ಲ ಅಷ್ಟೇ. ವಿಂಡೋ ಲಿಸನರನ್ನು ಹಿಡಿದಿರುತ್ತದೆ, ಲಿಸನರ್ ಸ್ಟೋರನ್ನು, ಸ್ಟೋರ್ ಇಡೀ ಸ್ಟೇಟನ್ನು.

ಅನುಮಾನ ಸಾಲದು ಅಂತ ಬ್ರಾಂಚ್ ಇಳಿಸಿಕೊಂಡು ಕ್ರೋಮ್‌ನಲ್ಲಿ ಹೀಪ್ ಸ್ನ್ಯಾಪ್‌ಶಾಟ್ (ಆ ಕ್ಷಣ ಮೆಮೊರಿಯಲ್ಲಿರುವ ವಸ್ತುಗಳ ಪಟ್ಟಿ) ತೆಗೆದೆ. ಆ ಸ್ಕ್ರೀನನ್ನು 7 ಸಲ ತೆರೆದು ಮುಚ್ಚಿ ಇನ್ನೊಂದು ತೆಗೆದೆ. 10 ಅಲ್ಲ, 7, ಯಾಕಂದ್ರೆ ಹೋಲಿಕೆಯ ಪಟ್ಟಿಯಲ್ಲಿ 7 ಅಥವಾ 14 ಹೆಚ್ಚಾದ ವಸ್ತು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಹೊಡೆಯಿತು. ಸ್ಟೋರ್‌ಗಳು ಸರಿಯಾಗಿ 7 ಉಳಿದಿದ್ದವು. (ಇದಕ್ಕೆ ಮೊದಲು ಕನ್ಸೋಲ್ ಲಾಗ್‌ಗಳನ್ನು ತೆಗೆದುಬಿಡಿ. ಲಾಗ್ ಮಾಡಿದ ಆಬ್ಜೆಕ್ಟನ್ನು ಬ್ರೌಸರ್‌ನ ಡೆವ್‌ಟೂಲ್ಸ್ ಹಿಡಿದುಕೊಂಡಿರುತ್ತದೆ. ನಾನೇ ಹಿಂದೊಮ್ಮೆ ಅರ್ಧ ದಿನ ಇಲ್ಲದ ಲೀಕ್ ಹುಡುಕಿದ್ದೇನೆ.)

ಹಾಗಂತ ಎಲ್ಲದಕ್ಕೂ ಲೀಕ್ ಅಂತ ಕೂಗಬೇಕಿಲ್ಲ. ಸ್ಕ್ರೀನ್ ಮುಚ್ಚಿದ ಮೇಲೆ ಫೆಚ್ (ಸರ್ವರ್‌ನಿಂದ ಡೇಟಾ ತರುವುದು) ಮುಗಿದು ಸ್ಟೇಟ್ ಬದಲಿಸಲು ಹೋದರೆ, ಅದರ ಪ್ರಾಮಿಸ್ (ಮುಂದೆ ಬರುವ ಫಲಿತಾಂಶದ ಆಬ್ಜೆಕ್ಟ್) ಮುಗಿದ ಕೂಡಲೇ ಎಲ್ಲವೂ ಬಿಡುಗಡೆಯಾಗುತ್ತದೆ. ಸ್ಕ್ರೀನ್ ಕಟ್ಟುವ ಲೈಬ್ರರಿ ರಿಯಾಕ್ಟ್‌ನ 18ನೇ ಆವೃತ್ತಿ ಬಂದಾಗ, 2022ರಲ್ಲಿ, ಆ ಬಗ್ಗೆ ಬರುತ್ತಿದ್ದ ಎಚ್ಚರಿಕೆಯನ್ನೇ ತೆಗೆದುಹಾಕಿದರು. ಅದು ಜನರನ್ನು ಹೆದರಿಸಿದ್ದೇ ಜಾಸ್ತಿ.

ಇದನ್ನು ತಿಳಿಸಿದ ಮೇಲೆ, ಕೋಡ್ ಬರೆದವರು ಬೈಂಡ್ ಅನ್ನು ಕನ್‌ಸ್ಟ್ರಕ್ಟರ್‌ನಲ್ಲಿ (ಸ್ಟೋರ್ ಹುಟ್ಟುವಾಗ ಓಡುವ ಕೋಡ್) ಒಂದೇ ಸಲ ಮಾಡಿ ಇಟ್ಟುಕೊಂಡರು, ಸ್ನ್ಯಾಪ್‌ಶಾಟ್‌ನಲ್ಲಿ 7 ಹೋಯಿತು. ಉಳಿದಿದ್ದು ಫೈಲಿನ ಮೇಲ್ಗಡೆ ಇದ್ದ ಒಂದು ಮ್ಯಾಪ್ (ಕೀ ಕೊಟ್ಟರೆ ಮೌಲ್ಯ ಕೊಡುವ ಪಟ್ಟಿ), ಐಡಿ ಪ್ರಕಾರ ಲೆಕ್ಕ ಹಾಕಿಟ್ಟ ಫಲಿತಾಂಶಗಳಿಗೆ. ಸೇರಿಸುವ ಸಾಲು ಇದೆ, ಅಳಿಸುವ ಸಾಲು ಇಲ್ಲ. "ವೀಕ್‌ಮ್ಯಾಪ್ ಮಾಡಿದರೆ ಆಯಿತಲ್ಲ" ಎಂದು ಉತ್ತರ ಬಂತು. ವೀಕ್‌ಮ್ಯಾಪ್ ಅಂದರೆ ಕೀ ಆಗಿರುವ ಆಬ್ಜೆಕ್ಟನ್ನು ಹಿಡಿದಿಟ್ಟುಕೊಳ್ಳದ ಮ್ಯಾಪ್. ಆದರೆ ಐಡಿ ಬರೀ ಸ್ಟ್ರಿಂಗ್, ವೀಕ್‌ಮ್ಯಾಪ್ ಸ್ಟ್ರಿಂಗನ್ನು ಕೀ ಆಗಿ ಒಪ್ಪುವುದೇ ಇಲ್ಲ. ಐಟಂ ಅಳಿಸಿದಾಗ ಇದನ್ನೂ ಅಳಿಸಿ, ಇಲ್ಲವೇ ಇಷ್ಟೇ ಎಂಟ್ರಿ ಅಂತ ಮಿತಿ ಹಾಕಿ ಎಂದು ಬರೆದಿದ್ದೇನೆ. ಆ ಥ್ರೆಡ್ ಇನ್ನೂ ತೆರೆದೇ ಇದೆ.